ಒಂದು ಅಂಗಿಯ ನಿಮಿತ್ತ ಈಸ್ಟ್ ಗ್ರಿನ್‌ಸ್ಟೆಡ್ ಯಾತ್ರೆ

ಪ್ರವಾಸವೆಂಬುದು ಸಾಮಾನ್ಯವಾಗಿ ಕ್ಷೇತ್ರದರ್ಶನಕ್ಕಾಗಿಯೋ ಬಂಧುದರ್ಶನಕ್ಕಾಗಿಯೋ ಒದಗಿ ಬರುವುದು. ಕಳೆದ ವರ್ಷ ಶರದೃತುವಿನಲ್ಲಿ ನಾವು ಸಪತ್ನೀಕರಾಗಿ ಇಂಗ್ಲೆಂಡಿಗೆ ಹೋದದ್ದು ಬಂಧುದರ್ಶನಕ್ಕಾಗಿಯೇ. ಆದರೆ ಆ ದೇಶದಲ್ಲಿ ನಮ್ಮ ಮನಸ್ಸಿನಲ್ಲಿ ಚಿರಕಾಲ ನಿಲ್ಲುವಂತಹ ಊರನ್ನು ನೋಡಿದ್ದು ಮಾತ್ರ ಒಂದು ಅಂಗಿಯನ್ನು ಕೊಳ್ಳುವ ನಿಮಿತ್ತದಿಂದ. ಅಂಗಿ ಕೊಳ್ಳುವುದಕ್ಕೂ ಊರು ನೋಡುವುದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆ ಸಂಬಂಧವನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ನಮ್ಮ ಚಿರಂಜೀವಿಯು ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ ಎಂಬಲ್ಲಿ ವಾಸವಾಗಿದ್ದಾನೆ. ಉದ್ಯೋಗವು ಗಣಕಯಂತ್ರಕ್ಕೆ ಸಂಬಂಧಿಸಿದ್ದು. ವಾರದ ಐದು ದಿನ ಕುರ್ಚಿಯಲ್ಲಿ ಕುಳಿತು ಬೇಸತ್ತವನಿಗೆ ಆರನೆಯ ದಿನ ಆಕಾಶದಲ್ಲಿ ಹಾರಾಡಬೇಕೆಂಬ ಹಂಬಲ ಹುಟ್ಟಿತಂತೆ. ನಾವು ಹೋಗಿ ಇಳಿದ ಎರಡನೆಯ ದಿನವೇ, ಊಟಕ್ಕೆ ಕುಳಿತಾಗ, ಅವನು ಮೆಲ್ಲನೆ ವಿಷಯವನ್ನು ಹೊರಗೆಡಹಿದನು. "ಅಪ್ಪ, ವಿಮಾನ ನಡೆಸುವುದನ್ನು ಕಲಿಯುತ್ತಿದ್ದೇನೆ. ಚಳಿಗಾಲ ಬರುತ್ತದೆ. ಒಂದು ಜಾಕೆಟ್ಟು ಬೇಕು, ನೀವೂ ಬಂದು ಆರಿಸಿಕೊಡಿ" ಎಂದನು.

ನಮ್ಮ ಮನೆಯವರಿಗೆ ಕೈಯಲ್ಲಿದ್ದ ಹುಳಿಯ ಸೌಟು ಹಾಗೆಯೇ ನಿಂತಿತು. "ವಿಮಾನ ನಡೆಸುವುದಕ್ಕೆ ಜಾಕೆಟ್ಟು ಏತಕ್ಕೋ?" ಎಂದರು. ನಮ್ಮ ಕಡೆಯ ಮನೆಗಳಲ್ಲಿ ಜಾಕೆಟ್ಟೆಂದರೆ ಹೆಂಗಸರು ತೊಡುವ ರವಿಕೆಯೆಂಬುದು ಮಗನ ನೆನಪಿನಿಂದ ಜಾರಿತ್ತು. ಮೂವರೂ ನಕ್ಕೆವು. ಆದರೆ ನಕ್ಕು ಮುಗಿಸುವಷ್ಟು ಸಣ್ಣ ವಿಷಯವೂ ಅದಾಗಿರಲಿಲ್ಲ. ಪಾಠದ ಶುಲ್ಕಕ್ಕೇ ಬಹಳ ಹಣ ವೆಚ್ಚವಾಗುತ್ತಿದ್ದುದರಿಂದ ಅಂಗಿಗೆಂದು ಅವನು ಎತ್ತಿಟ್ಟಿದ್ದುದು ನೂರೈವತ್ತು ಪೌಂಡು, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹದಿನೇಳು ಸಾವಿರ ರೂಪಾಯಿ. ಅಷ್ಟರೊಳಗೆ ಬೆಚ್ಚಗಿರುವಂಥದೂ ಬೆಂಕಿಗೆ ಬೇಗನೆ ವಶವಾಗದಂಥದೂ ಆದ ಅಂಗಿ ಬೇಕೆಂಬುದು ಅವನ ಗುರುಗಳ ಅಪ್ಪಣೆ.

ಬೆಚ್ಚಗಿರಬೇಕೆಂಬುದು ತಿಳಿಯಿತು, ಬೆಂಕಿಯ ಮಾತು ಏಕೆ ಬಂದಿತೆಂದು ನಮಗೆ ಆಗ ತಿಳಿಯಲಿಲ್ಲ. ಮರುದಿನ ಅವನು ನಮ್ಮನ್ನು ತಾನು ಕಲಿಯುವ ಹುಲ್ಲುಗಾವಲಿನ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದಮೇಲೆ ಅರ್ಥವಾಯಿತು.

ಅಲ್ಲಿ ನಿಂತಿದ್ದುದು 'ಟೈಗರ್ ಮಾತ್' ಎಂಬ ಹಳೆಯ ವಿಮಾನ. ಒಂದರ ಮೇಲೊಂದರಂತೆ ಎರಡು ಜೊತೆ ರೆಕ್ಕೆ, ಹಿಂದೆ ಮುಂದೆ ಎರಡು ಗುಳಿಗಳಂತಹ ಆಸನ, ಮೇಲೆ ಮುಚ್ಚಳವಿಲ್ಲ. ಈ ಜಾತಿಯ ವಿಮಾನವು ಮೊದಲು ಹಾರಿದ್ದು ೧೯೩೧ರಲ್ಲಿ. ಎಂಟು ಸಾವಿರಕ್ಕೂ ಹೆಚ್ಚು ನಿರ್ಮಾಣವಾದುವು. ಎರಡನೆಯ ಮಹಾಯುದ್ಧದ ವೈಮಾನಿಕರಲ್ಲಿ ಬಹುಮಂದಿ ಅಕ್ಷರಾಭ್ಯಾಸ ಮಾಡಿದ್ದು ಇದರಲ್ಲಿಯೇ. ನಮ್ಮ ದೇಶದ ವಾಯುಸೇನೆಯವರೂ ಇದರಲ್ಲಿ ಕಲಿತವರೇ. ನಾವು ಅದರ ರೆಕ್ಕೆಯನ್ನು ಬೆರಳಿನಿಂದ ತಟ್ಟಿ ನೋಡಿದೆವು. ಮೃದಂಗದ ಚರ್ಮದಂತೆ ಸದ್ದಾಯಿತು. ಅದು ತಗಡಲ್ಲ, ಬಟ್ಟೆ! ಮರದ ಹಂದರದ ಮೇಲೆ ಬಟ್ಟೆಯನ್ನು ಬಿಗಿದು ಮೇಲೆ ಮೆರುಗೆಣ್ಣೆಯಂತಹ ಲೇಪವನ್ನು ಬಳಿದಿರುವರು. ಪೆಟ್ರೋಲಿನ ತೊಟ್ಟಿಯೆಲ್ಲಿದೆಯೆಂದು ಕೇಳಿದಾಗ ಮಗನು ಮೇಲಿನ ರೆಕ್ಕೆಯ ನಡುಭಾಗವನ್ನು ತೋರಿಸಿದನು. ಮುಂದಿನ ಆಸನದವನ ತಲೆಯ ಮೇಲೆಯೇ ೧೯ ಗ್ಯಾಲನ್, ಎಂದರೆ ಸುಮಾರು ೮೬ ಲೀಟರು ಪೆಟ್ರೋಲು! ನಮ್ಮ ಮನೆಯವರು ಅದನ್ನು ಕೇಳಿ ಮಾತನಾಡದೆ ಸೆರಗನ್ನು ಹೊದ್ದುಕೊಂಡರು.

ಶೀತದ ಲೆಕ್ಕವೂ ಸುಲಭವಾದುದೇ. ನೆಲದಿಂದ ಸಾವಿರ ಅಡಿ ಮೇಲೇರಿದರೆ ಉಷ್ಣತೆಯು ಸುಮಾರು ಎರಡು ಡಿಗ್ರಿ ಇಳಿಯುತ್ತದೆ. ಡಿಸೆಂಬರ್ ತಿಂಗಳಲ್ಲಿ ನೆಲದ ಮೇಲೆ ಐದು ಡಿಗ್ರಿಯಿದ್ದರೆ ಮೂರು ಸಾವಿರ ಅಡಿಯ ಮೇಲೆ ನೀರು ಹೆಪ್ಪುಗಟ್ಟುವ ಶೀತ. ಅದರ ಮೇಲೆ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದ ಗಾಳಿ ಎದುರಿನಿಂದ ಬಡಿಯುವುದು. ಮೇಲೆ ಅಗ್ನಿಭಯ, ಎದುರಿಗೆ ಹಿಮಭಯ. ಎರಡರ ನಡುವೆ ಒಂದು ಅಂಗಿ. ಅಂಗಿಯೊಂದಕ್ಕೆ ಇಷ್ಟು ಕೆಲಸವುಂಟೆಂದು ನಾವು ಅರುವತ್ತು ವರ್ಷಗಳಲ್ಲಿ ಯೋಚಿಸಿರಲಿಲ್ಲ.

ಮೂರನೆಯ ದಿನ ಲಂಡನ್ನಿನಲ್ಲಿ ಇಂತಹ ಉಡುಪುಗಳನ್ನು ಮಾರುವ ಒಂದು ಹಳೆಯ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನರು ನಮಗಿಂತಲೂ ಹಿರಿಯರು. ಅವಸರವಿಲ್ಲದ ಮನುಷ್ಯರು. ಅವರು ಮೊದಲು ತೋರಿಸಿದ್ದು ಕುರಿಯ ಚರ್ಮದ ದಪ್ಪ ಅಂಗಿ. ಉಣ್ಣೆಯು ಒಳಗೆ, ಚರ್ಮವು ಹೊರಗೆ. ಲೆಸ್ಲಿ ಇರ್ವಿನ್ ಎಂಬ ಅಮೆರಿಕದವರು ಇಂಗ್ಲೆಂಡಿನಲ್ಲಿ ಪ್ಯಾರಾಚೂಟಿನ ಕಾರ್ಖಾನೆಯನ್ನು ಸ್ಥಾಪಿಸಿ, ೧೯೩೦ರ ದಶಕದ ಆದಿಯಲ್ಲಿ ಈ ಬಗೆಯ ಅಂಗಿಯನ್ನು ಬಳಕೆಗೆ ತಂದರಂತೆ. ಅದನ್ನು ತೊಟ್ಟುಕೊಂಡಾಗ ನಮ್ಮ ಮಗನು ಕರಡಿಯಂತೆ ಕಂಡನು. ಬೆಚ್ಚಗಿರುವುದೇನೋ ನಿಜ; ಆದರೆ ಬೆಲೆ ಆರುನೂರು ಪೌಂಡಿಗೂ ಮೇಲೆ. ಎರಡನೆಯದು ಕಂದುಬಣ್ಣದ ತೊಗಲಿನ ಗಿಡ್ಡ ಅಂಗಿ. ಅಮೆರಿಕದ ಸೈನ್ಯದವರು ೧೯೩೧ರಿಂದ ಬಳಸಿದ ಮಾದರಿಯ ನಕಲು. ತೊಗಲು ಕರಗುವುದಿಲ್ಲ, ಕ್ಷಣಕಾಲ ಜ್ವಾಲೆಯನ್ನು ತಡೆಯುತ್ತದೆ. ಆದರೆ ಕಾವು ಹೆಚ್ಚಾದರೆ ಸುಕ್ಕಿ ಕುಗ್ಗುತ್ತದೆ, ಒಳಗೆ ತೆಳುವಾದ ಅಸ್ತರಿಯಿರುವುದರಿಂದ ಬೆಚ್ಚಗೂ ಅಷ್ಟಾಗಿ ಇರುವುದಿಲ್ಲ. ಬೆಲೆ ಮುನ್ನೂರು ಪೌಂಡು.

ಮೂರನೆಯ ಕಂಬಿಯಲ್ಲಿ ಹಸುರು ಬಣ್ಣದ ಅಂಗಿಗಳು ಸಾಲಾಗಿ ತೂಗಿದ್ದುವು. ಒಂದರ ಬೆಲೆ ಇನ್ನೂರತೊಂಬತ್ತು ಪೌಂಡು, ಪಕ್ಕದ್ದರ ಬೆಲೆ ತೊಂಬತ್ತೈದು. ಹೊಲಿಗೆ, ಜೇಬು, ಕೊರಳಪಟ್ಟಿ, ಎಲ್ಲವೂ ಅವಳಿ ಮಕ್ಕಳಂತೆ ಒಂದೇ. ಮಗನ ಕಣ್ಣು ತೊಂಬತ್ತೈದರದರ ಮೇಲೆ ನೆಟ್ಟಿತು. "ಅಪ್ಪ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಉಳಿದ ಹಣದಲ್ಲಿ ಇನ್ನೊಂದು ಪಾಠ ಆಗುತ್ತದೆ" ಎಂದನು. ಮೇಷ್ಟರಿಗೆ ಅಕ್ಷರ ಕಂಡರೆ ಓದದೆ ಇರಲಾಗದಷ್ಟೆ. ನಾವು ಕನ್ನಡಕವನ್ನು ಏರಿಸಿ ಒಳಗಿನ ಚೀಟಿಗಳನ್ನು ಓದಿದೆವು. ಒಂದರಲ್ಲಿ 'ನೂರಕ್ಕೆ ನೂರು ಅರಾಮಿಡ್' ಎಂದಿತ್ತು. ಮತ್ತೊಂದರಲ್ಲಿ 'ಹೊರಗೆ ನೈಲಾನ್, ಒಳಗೆ ಪಾಲಿಯೆಸ್ಟರ್' ಎಂದಿತ್ತು. ಅಂಗಡಿಯ ವೃದ್ಧರು ಇದನ್ನು ನೋಡಿ, "ನಿಮ್ಮ ತಂದೆಯವರು ಸರಿಯಾದ ಜಾಗವನ್ನು ಓದುತ್ತಿದ್ದಾರೆ. ಇಂದು ಏನನ್ನೂ ಕೊಳ್ಳಬೇಡಿ. ನೀವಿರುವ ಊರಿನಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ ಈಸ್ಟ್ ಗ್ರಿನ್‌ಸ್ಟೆಡ್ ಇದೆ. ಅದನ್ನು ನೋಡಿಕೊಂಡು ಬನ್ನಿ; ಆಮೇಲೆ ಯಾವುದನ್ನು ಕೇಳಿದರೂ ಕೊಡುತ್ತೇನೆ" ಎಂದರು. ಬಂದ ಗಿರಾಕಿಯನ್ನು ಹಿಂದಕ್ಕೆ ಕಳುಹಿಸುವ ವ್ಯಾಪಾರಿಯನ್ನು ನಾವು ಅಂದೇ ಮೊದಲು ನೋಡಿದ್ದು.

ಆ ಶನಿವಾರ ಬೆಳಗ್ಗೆ ಪೂರ್ವ ಕ್ರಾಯ್ಡನ್ ನಿಲ್ದಾಣದಲ್ಲಿ ರೈಲು ಹತ್ತಿದೆವು. ನಮ್ಮ ಮನೆಯವರು ಮೊಸರನ್ನದ ಡಬ್ಬಿಯನ್ನು ಮರೆಯದೆ ತಂದಿದ್ದರು. ಊರಿನ ಕಟ್ಟಡಗಳು ಕಳೆದಮೇಲೆ ಏರಿಳಿತದ ಹಸುರು ದಿಬ್ಬಗಳು, ಬೇಲಿ ಹಾಕಿದ ಗದ್ದೆಗಳು, ಹೊನ್ನಿನ ಬಣ್ಣಕ್ಕೆ ತಿರುಗಿದ ಎಲೆಗಳ ಮರಗಳು ಕಾಣಿಸಿಕೊಂಡುವು. ಆಕ್ಸ್‌ಟೆಡ್, ಲಿಂಗ್‌ಫೀಲ್ಡ್ ಮೊದಲಾದ ಸಣ್ಣ ನಿಲ್ದಾಣಗಳನ್ನು ದಾಟಿ ರೈಲು ಈಸ್ಟ್ ಗ್ರಿನ್‌ಸ್ಟೆಡ್ಡಿನಲ್ಲಿ ನಿಂತಿತು. ಅಲ್ಲಿಂದ ಮುಂದಕ್ಕೆ ಆ ರೈಲಿಗೆ ದಾರಿಯಿಲ್ಲ.

ಸಸೆಕ್ಸ್ ಸೀಮೆಯ ಅಂಚಿನಲ್ಲಿರುವ ಈ ಪಟ್ಟಣದ ಮೇಲೆ ಗ್ರಿನಿಚ್ಚಿನ ಶೂನ್ಯ ರೇಖಾಂಶವು ಹಾದುಹೋಗುತ್ತದೆ. ನಮ್ಮ ಪ್ರಾಚೀನ ಜ್ಯೋತಿಷಿಗಳು ಉಜ್ಜಯಿನಿಯ ಮೇಲೆ ಎಳೆದ ರೇಖೆಯನ್ನು ಇಂಗ್ಲಿಷರು ತಮ್ಮ ಊರಿನ ಮೇಲೆ ಎಳೆದುಕೊಂಡರೆಂದು ಮಗನಿಗೆ ಹೇಳಿದೆವು. ಪಾಠ ಕೇಳಿ ಅಭ್ಯಾಸವಾದ ಅವನು ತಲೆದೂಗಿ ಮುಂದಕ್ಕೆ ನಡೆದನು. ಊರಿನ ಹಳೆಯ ಹೆದ್ದಾರಿಬೀದಿಯು ನೋಡತಕ್ಕದ್ದು. ಹದಿನಾಲ್ಕನೆಯ ಶತಮಾನದಷ್ಟು ಹಳೆಯವಾದ, ಕಪ್ಪು ಮರದ ತೊಲೆಗಳ ನಡುವೆ ಬಿಳಿಯ ಗಾರೆಯನ್ನು ತುಂಬಿದ ಮನೆಗಳು ಒಂದಕ್ಕೊಂದು ಒರಗಿಕೊಂಡು ಉದ್ದಕ್ಕೂ ನಿಂತಿವೆ. ಬೀದಿಯ ಪಕ್ಕದಲ್ಲಿ ಸ್ಯಾಕ್‌ವಿಲ್ ಕಾಲೇಜು. ಹೆಸರಿಗೆ ಕಾಲೇಜಾದರೂ ಅದು ೧೬೦೯ರಲ್ಲಿ ವೃದ್ಧರಿಗಾಗಿ ಸ್ಥಾಪಿತವಾದ ಧರ್ಮಶಾಲೆ.

ಅದರ ಮುಂದೆ ಆ ಪ್ರತಿಮೆಯಿದೆ. ಒಬ್ಬ ಯುವಕನು ಕುಳಿತು ಮುಖವನ್ನು ಮೇಲಕ್ಕೆ ತಿರುಗಿಸಿದ್ದಾನೆ. ಅವನ ಮುಖದ ಮೇಲೆ ಸುಟ್ಟ ಕಲೆಗಳು. ಬೆರಳುಗಳು ಹಕ್ಕಿಯ ಉಗುರುಗಳಂತೆ ಮಡಿಸಿವೆ. ಅವನ ಹಿಂದೆ ಒಬ್ಬ ವೈದ್ಯನು ನಿಂತು ಎರಡು ಕೈಗಳನ್ನೂ ಅವನ ಭುಜದ ಮೇಲೆ ಇಟ್ಟಿದ್ದಾನೆ. ವೈದ್ಯನ ಹೆಸರು ಸರ್ ಆರ್ಚಿಬಾಲ್ಡ್ ಮೆಕಿಂಡೊ. ೧೯೦೦ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿ ೧೯೬೦ರಲ್ಲಿ ತೀರಿಕೊಂಡವರು. ಪ್ರತಿಮೆಯನ್ನು ಇಲ್ಲಿ ಸ್ಥಾಪಿಸಿದ್ದು ೨೦೧೪ರಲ್ಲಿ. ಅದನ್ನು ಮಾಡಿದ ಮಾರ್ಟಿನ್ ಜೆನ್ನಿಂಗ್ಸ್ ಎಂಬ ಶಿಲ್ಪಿಯ ತಂದೆಯವರಿಗೂ ಯುದ್ಧದಲ್ಲಿ ಸುಟ್ಟ ಗಾಯಗಳಾಗಿದ್ದುವೆಂದೂ ಇದೇ ವೈದ್ಯರು ಅವರಿಗೆ ಚಿಕಿತ್ಸೆ ಮಾಡಿದರೆಂದೂ ತಿಳಿದ ಮೇಲೆ, ಆ ಭುಜದ ಮೇಲಿನ ಕೈಗಳನ್ನು ನಾವು ಇನ್ನೊಮ್ಮೆ ನೋಡಿದೆವು.

ಊರಿನ ವಸ್ತುಸಂಗ್ರಹಾಲಯದಲ್ಲಿ ಮಿಕ್ಕ ಕಥೆಯೆಲ್ಲ ದೊರೆಯಿತು. ೧೯೪೦ರ ಬೇಸಗೆಯಲ್ಲಿ ಇಂಗ್ಲೆಂಡಿನ ಮೇಲಿನ ಆಕಾಶದಲ್ಲಿ ಘೋರಯುದ್ಧ ನಡೆಯಿತಷ್ಟೆ. ಸ್ಪಿಟ್‌ಫೈರ್ ವಿಮಾನದಲ್ಲಿ ಇಂಧನದ ತೊಟ್ಟಿಗಳಿದ್ದುದು ಚಾಲಕನ ಎದುರಿನಲ್ಲಿಯೇ. ಹರಿಕೇನ್ ವಿಮಾನದಲ್ಲಿಯೂ ಅವನ ಮುಂದೊಂದು ತೊಟ್ಟಿಯಿತ್ತು. ಗುಂಡು ತಗುಲಿದಾಗ ಜ್ವಾಲೆಯು ನೇರವಾಗಿ ಮುಖಕ್ಕೂ ಕೈಗಳಿಗೂ ನುಗ್ಗುತ್ತಿತ್ತು. ಸೆಕೆಯೆಂದು ಕೈಚೀಲಗಳನ್ನು ತೆಗೆದಿಟ್ಟವರೂ, ಸರಿಯಾಗಿ ಕಾಣಲೆಂದು ಕಣ್ಣಿನ ಕವಚವನ್ನು ಹಣೆಗೆ ಏರಿಸಿಕೊಂಡವರೂ ಕೆಲವೇ ಕ್ಷಣಗಳಲ್ಲಿ ಬೆರಳುಗಳನ್ನೂ ರೆಪ್ಪೆಗಳನ್ನೂ ಕಳೆದುಕೊಂಡರು. ಈ ಬಗೆಯ ಗಾಯಕ್ಕೆ 'ವೈಮಾನಿಕರ ಸುಟ್ಟಗಾಯ'ವೆಂಬ ಹೆಸರೇ ಹುಟ್ಟಿತು. ಅಂತಹವರಲ್ಲಿ ಬಹುಮಂದಿ ಈ ಊರಿನ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆಗೆ ಬಂದು ಸೇರಿದರು.

ಆಗಿನ ಪದ್ಧತಿಯಂತೆ ಗಾಯದ ಮೇಲೆ ಟ್ಯಾನಿಕ್ ಆಮ್ಲವನ್ನು ಹಚ್ಚುತ್ತಿದ್ದರು. ಅದು ತೊಗಲು ಹದ ಮಾಡುವ ದ್ರವ್ಯ; ಗಾಯವು ಹಲಗೆಯಂತೆ ಗಟ್ಟಿಯಾಗಿ ಬೆರಳುಗಳು ಮುರುಟಿಹೋಗುತ್ತಿದ್ದುವು. ಸಮುದ್ರದಲ್ಲಿ ಬಿದ್ದು ಬದುಕಿದವರ ಗಾಯಗಳು ಮಿಕ್ಕವರ ಗಾಯಗಳಿಗಿಂತ ಚೆನ್ನಾಗಿ ಮಾಯುವುದನ್ನು ಮೆಕಿಂಡೊ ಗಮನಿಸಿ, ಉಪ್ಪುನೀರಿನ ಸ್ನಾನವನ್ನು ಏರ್ಪಡಿಸಿದರು. ಅನಂತರ ದೇಹದ ಒಂದು ಭಾಗದ ಚರ್ಮವನ್ನು ತಂದು ಮತ್ತೊಂದು ಭಾಗದಲ್ಲಿ ನೆಟ್ಟು ರೆಪ್ಪೆ, ಮೂಗು, ತುಟಿಗಳನ್ನು ಕಟ್ಟಿದರು. ಒಬ್ಬೊಬ್ಬನಿಗೆ ಹತ್ತು ಇಪ್ಪತ್ತು ಶಸ್ತ್ರಕ್ರಿಯೆಗಳೂ ಆದುದುಂಟು. ಆ ರೋಗಿಗಳು ೧೯೪೧ರಲ್ಲಿ ತಮ್ಮದೇ ಒಂದು ಸಂಘವನ್ನು ಮಾಡಿಕೊಂಡು, ವೈದ್ಯರು ಪ್ರಯೋಗಕ್ಕೆ ಬಳಸುವ ಪುಟ್ಟ ಪ್ರಾಣಿಯ ಹೆಸರಿನಿಂದ ಅದಕ್ಕೆ 'ಗಿನಿಪಿಗ್ ಕ್ಲಬ್' ಎಂದು ನಾಮಕರಣ ಮಾಡಿದರು. ಹಣ ಹೊತ್ತು ಓಡಿಹೋಗಲಾರನೆಂದು ಕಾಲು ಸುಟ್ಟವನನ್ನು ಖಜಾಂಚಿಯಾಗಿಯೂ, ಉದ್ದುದ್ದ ವರದಿ ಬರೆಯಲಾರನೆಂದು ಬೆರಳು ಸುಟ್ಟವನನ್ನು ಕಾರ್ಯದರ್ಶಿಯಾಗಿಯೂ ಆರಿಸಿದರಂತೆ. ಸಂಘದ ಸದಸ್ಯರ ಸಂಖ್ಯೆ ೬೪೯ಕ್ಕೆ ಏರಿತು. ೨೦೦೭ರವರೆಗೂ ಅವರ ಸಮಾವೇಶಗಳು ನಡೆದುವು.

ಇದನ್ನು ಓದುತ್ತಿರುವಾಗ ನಮಗೆ ಸುಶ್ರುತ ಸಂಹಿತೆಯ ಸ್ಮರಣೆ ಬಾರದಿರುವುದು ಹೇಗೆ? ಅದರ ಸೂತ್ರಸ್ಥಾನದಲ್ಲಿ ಎಲೆಯನ್ನು ಅಳತೆಗೆ ಇಟ್ಟುಕೊಂಡು ಕೆನ್ನೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟುವ ಕ್ರಮ ಉಕ್ತವಾಗಿದೆ. ನಮ್ಮ ಮೈಸೂರು ಸೀಮೆಗೂ ಈ ವಿದ್ಯೆಗೂ ಒಂದು ನಂಟುಂಟು. ೧೭೯೨ರಲ್ಲಿ ಮುಗಿದ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಯವನಾದ ಕಾವಸ್‌ಜಿ ಎಂಬವನು ಟೀಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗನ್ನು ಕಳೆದುಕೊಂಡನು. ಅನಂತರ ಪುಣೆಯ ಬಳಿಯ ಒಬ್ಬ ದೇಶೀಯ ಕುಶಲಿಯು ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಮೂಗನ್ನು ಕಟ್ಟಿಕೊಟ್ಟನು. ಆ ವೃತ್ತಾಂತವು ೧೭೯೪ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಅನುಸರಿಸಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು ೧೮೧೪ರಲ್ಲಿ ಲಂಡನ್ನಿನಲ್ಲಿಯೇ ಅಂತಹ ಶಸ್ತ್ರಕ್ರಿಯೆಯನ್ನು ನಡೆಸಿದರು. ಹಣೆಯ ಚರ್ಮದ ಆ ಕ್ರಮಕ್ಕೆ ವೈದ್ಯರಲ್ಲಿ ಇಂದಿಗೂ 'ಭಾರತೀಯ ಕ್ರಮ'ವೆಂಬ ಹೆಸರಿದೆ.

ಆದರೆ ಅಂಗಿಯ ವಿಷಯಕ್ಕೆ ನಮಗೆ ಹೆಚ್ಚು ಉಪಯೋಗಕ್ಕೆ ಬಂದುದು ಸುಶ್ರುತನ ಮತ್ತೊಂದು ಮಾತು. ಸುಟ್ಟಗಾಯಗಳನ್ನು ಅವನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕಾಗಿ ವಿಂಗಡಿಸಿದ್ದಾನೆ. ಅಷ್ಟೇ ಅಲ್ಲದೆ, ಕಾದ ಎಣ್ಣೆಯು ಚರ್ಮದ ಒಳಕ್ಕೆ ಇಳಿದು ಬೇಗನೆ ಸುಡುವುದರಿಂದ ಅಂತಹ ಗಾಯದ ನೋವು ಅಧಿಕವೆಂದು ಹೇಳಿದ್ದಾನೆ. ಬೆಂಕಿಯ ಸಂಗಡ ದ್ರವವೂ ಸೇರಿದರೆ ಗಾಯವು ಆಳಕ್ಕೆ ಹೋಗುವುದೆಂದು ತಾತ್ಪರ್ಯ. ನೈಲಾನ್ ಮಾಡುವುದು ಇದನ್ನೇ. ಅದು ೨೨೦ರಿಂದ ೨೬೦ ಡಿಗ್ರಿಯೊಳಗೆ ಕರಗಿ ಕಾದ ಅರಗಿನಂತೆ ಮೈಗೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರಿನ ಗುಣವೂ ಅದೇ.

ಇದನ್ನು ತಿಳಿಯಲು ನಮಗೆ ಗ್ರಂಥವೂ ಬೇಕಾಗಿರಲಿಲ್ಲ, ಪರದೇಶವೂ ಬೇಕಾಗಿರಲಿಲ್ಲ. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು. ನಾವು ಹತ್ತು ವರ್ಷದ ಬಾಲಕರಾಗಿದ್ದಾಗ, ೧೯೭೫ರ ಸುಮಾರಿಗೆ, ನಮ್ಮ ತಾಯಿಯ ಕಿರಿಯ ತಂಗಿ ನಮ್ಮ ಮನೆಯಲ್ಲಿಯೇ ಇದ್ದರು. ಮದುವೆ ನಿಶ್ಚಯವಾಗಿತ್ತು. ಆಗ ನೈಲಾನ್ ಸೀರೆಯ ಶೋಕಿ ಊರೂರಿಗೂ ಹಬ್ಬಿದ್ದ ಕಾಲ. ಒಂದು ದಿನ ಪಂಪ್ ಸ್ಟವ್ ಭುಗಿಲೆಂದು ಎದ್ದು ಅವರ ಸೆರಗಿಗೆ ಬೆಂಕಿ ತಗುಲಿತು. ನಮ್ಮ ತಾಯಿಯವರು ಓಡಿ ಬಂದು ಕರಿಯ ಕಂಬಳಿಯನ್ನು ಹೊದಿಸಿ ಬೆಂಕಿಯನ್ನು ಆರಿಸಿದರು. ಕಂಬಳಿಗೆ ಅಲ್ಲಲ್ಲಿ ಕರಿ ಹತ್ತಿದ್ದಷ್ಟೇ. ಸೀರೆಯು ಮಾತ್ರ ಕರಗಿ ಎಡಗೈ, ಕುತ್ತಿಗೆ, ಕೆನ್ನೆಗಳಿಗೆ ಅಂಟಿಹೋಗಿತ್ತು. ಚಿಕ್ಕಮ್ಮ ಬದುಕಿದರು. ಮದುವೆ ಮುರಿಯಿತು. ಆಮೇಲೆ ನೆಂಟರಿಷ್ಟರ ಮನೆಯ ಶುಭಕಾರ್ಯಗಳಿಗೆ ಅವರನ್ನು ಕರೆಯುವವರು ಕಡಿಮೆಯಾದರು. ಕರೆದರೂ ಆರತಿಗೆ ಮುಂದೆ ಬರಹೇಳುತ್ತಿರಲಿಲ್ಲ. ಮಿಕ್ಕವರನ್ನು ಏಕೆ ದೂರಬೇಕು? ಅವರು ಕೈತುತ್ತು ಹಾಕುವಾಗ ನಾವೇ ಆ ಕೈಯನ್ನು ನೋಡಲಾರದೆ ಮುಖವನ್ನು ತಿರುಗಿಸಿದ್ದೆವು. ಅವರು ಅದನ್ನು ಕಂಡರು. ಮಾರನೆಯ ದಿನದಿಂದ ತುತ್ತು ಹಾಕುವುದನ್ನು ನಿಲ್ಲಿಸಿದರು.

ಈಸ್ಟ್ ಗ್ರಿನ್‌ಸ್ಟೆಡ್ಡಿನವರು ಹಾಗೆ ಮಾಡಲಿಲ್ಲ. ಮೆಕಿಂಡೊ ಅವರು ಊರಿನ ಗೃಹಸ್ಥರಿಗೆ ಮೊದಲೇ ತಿಳಿಸಿ ಹೇಳಿದ್ದರು. ಆ ಯುವಕರು ಮುಖದ ಮೇಲೆ ಅರೆಬರೆಯಾಗಿ ಕಟ್ಟಿದ ಮೂಗುಗಳನ್ನು ಹೊತ್ತು ಬೀದಿಗೆ ಬಂದಾಗ ಜನರು ದಿಟ್ಟಿಸಿ ನೋಡಲಿಲ್ಲ, ಮುಖ ತಿರುಗಿಸಲೂ ಇಲ್ಲ. ನಮಸ್ಕಾರ ಮಾಡಿ ಮಾತನಾಡಿಸಿದರು. ಮನೆಗೆ ಕರೆದು ಉಪಚರಿಸಿದರು, ನೃತ್ಯಕೂಟಗಳಿಗೆ ಆಹ್ವಾನಿಸಿದರು. 'ದಿಟ್ಟಿಸದ ಊರು' ಎಂದು ಅದಕ್ಕೆ ಪ್ರಸಿದ್ಧಿ ಬಂದಿತು. ನಾವು ಸಂಗ್ರಹಾಲಯದಿಂದ ಹೊರಗೆ ಬಂದು ಒಂದು ಬೆಂಚಿನ ಮೇಲೆ ಕುಳಿತು ಮೊಸರನ್ನವನ್ನು ಉಂಡೆವು. ಮಗನಿಗೆ ಚಿಕ್ಕಜ್ಜಿಯ ವಿಷಯವನ್ನು ಅಂದೇ ಮೊದಲು ಹೇಳಿದ್ದು. ಅವನು ಬಹಳ ಹೊತ್ತು ಸುಮ್ಮನಿದ್ದು, "ತೊಂಬತ್ತೈದು ಪೌಂಡಿನದು ಬೇಡ, ಅಪ್ಪ" ಎಂದನು.

ಮರುವಾರ ಅದೇ ಅಂಗಡಿಗೆ ಹೋದೆವು. ವೃದ್ಧರು ಏನನ್ನೂ ಕೇಳದೆ ಒಳಗಿನ ಕೋಣೆಯಿಂದ ಒಂದು ಹಳೆಯ ಅಂಗಿಯನ್ನು ತಂದರು. ಅಮೆರಿಕದ ವೈಮಾನಿಕರು ೧೯೭೦ರ ದಶಕದಿಂದ ಧರಿಸುತ್ತ ಬಂದ ಅಸಲಿ ಸೇನಾ ಅಂಗಿ, ಒಮ್ಮೆ ಬಳಸಿದ್ದು, ಬೆಲೆ ನೂರಹತ್ತು ಪೌಂಡು. ಎದೆಯ ಮೇಲೆ ಹಿಂದಿನ ಯಜಮಾನನ ಹೆಸರನ್ನು ಕಿತ್ತ ಗುರುತು ಮಾತ್ರ ಇತ್ತು. ಇದರ ಬಟ್ಟೆ ನೋಮೆಕ್ಸ್ ಎಂಬ ಅರಾಮಿಡ್. ವಿಚಿತ್ರವೇನೆಂದರೆ, ೧೯೩೫ರಲ್ಲಿ ನೈಲಾನನ್ನು ಕಂಡುಹಿಡಿದ ಅಮೆರಿಕದ ಡ್ಯುಪಾಂಟ್ ಸಂಸ್ಥೆಯೇ ೧೯೬೦ರ ದಶಕದಲ್ಲಿ ಇದನ್ನೂ ಬಳಕೆಗೆ ತಂದಿತು. ಇದು ಕರಗುವುದಿಲ್ಲ. ಕಾವು ಸುಮಾರು ೩೭೦ ಡಿಗ್ರಿಯನ್ನು ಮೀರಿದರೆ ಕರಿಗಟ್ಟಿ ದಪ್ಪವಾಗುತ್ತದೆ. ಜ್ವಾಲೆಯನ್ನು ತೆಗೆದರೆ ತಾನಾಗಿ ಆರುತ್ತದೆ. ಇದನ್ನು ತೊಟ್ಟವನು ಅಗ್ನಿಪ್ರವೇಶ ಮಾಡಿಯೂ ಸುಖವಾಗಿರುವನೆಂದು ಯಾರೂ ಭ್ರಮಿಸಬಾರದು. ಈ ಬಟ್ಟೆಯು ಕೊಡುವುದು ಕೆಲವು ಕ್ಷಣಗಳ ಅವಕಾಶ. ಕಟ್ಟುಗಳನ್ನು ಬಿಚ್ಚಿ ಹೊರಕ್ಕೆ ಹಾರುವುದಕ್ಕೆ ಬೇಕಾದ ಅವಕಾಶ.

ಮಿತವಾದ ಹಣದಲ್ಲಿ ಇಂತಹ ಅಂಗಿಯನ್ನು ಆರಿಸತಕ್ಕವರಿಗೆ ಆ ವೃದ್ಧರು ಹೇಳಿದ ವಿವೇಕವನ್ನು ಇಲ್ಲಿ ಸಂಗ್ರಹಿಸುತ್ತೇವೆ. ಬೆಂಕಿಯ ಗುಣವನ್ನು ಹೊರಗಿನ ಅಂಗಿಯಲ್ಲಿ ಕೊಳ್ಳಬೇಕು. ಬೆಚ್ಚನೆಯ ಗುಣವನ್ನು ಒಳಗಿನ ಉಣ್ಣೆಯಿಂದ ಪಡೆಯಬೇಕು. ಎರಡನ್ನೂ ಒಂದರಲ್ಲಿಯೇ ಹುಡುಕಿದರೆ ಬೆಲೆ ಏರುತ್ತದೆ. ಉಣ್ಣೆಗೆ ಬೆಂಕಿ ಹಿಡಿಯಬೇಕಾದರೆ ಐನೂರೈವತ್ತು ಡಿಗ್ರಿಗೂ ಮೀರಿದ ಕಾವು ಬೇಕು. ಹಿಡಿದರೂ ಅದು ಕರಗಿ ಹರಿಯದೆ ತಾನೇ ಆರಿಹೋಗುವುದು ಸಾಮಾನ್ಯ. ಮೈಗೆ ತಗುಲುವ ಬನಿಯನು ಹತ್ತಿಯದೋ ಉಣ್ಣೆಯದೋ ಆಗಿರಬೇಕು. ಹೊರಗೆ ಉತ್ತಮವಾದುದನ್ನು ತೊಟ್ಟು ಒಳಗೆ ಪಾಲಿಯೆಸ್ಟರನ್ನು ತೊಟ್ಟರೆ, ಕೋಟೆಯ ಬಾಗಿಲನ್ನು ಭದ್ರಮಾಡಿ ಶತ್ರುವನ್ನು ಒಳಮನೆಯಲ್ಲಿ ಕೂಡಿಸಿದಂತಾಯಿತು.

ಅಂಗಿಯು ಮೈಗೆ ಬಿಗಿಯಾಗಬಾರದು. ಒಳಗಿನ ಉಣ್ಣೆಗೆ ಎಡೆ ಬೇಕು, ಪದರಗಳ ನಡುವೆ ಗಾಳಿಯೂ ಬೇಕು. ಆ ಗಾಳಿಯು ಶೀತವನ್ನೂ ಕಾವನ್ನೂ ತಡೆಯುತ್ತದೆ. ತೊಟ್ಟು ನೋಡುವಾಗ ನಿಂತು ನೋಡಿದರೆ ಸಾಲದು; ಕುಳಿತು, ಕೈಗಳನ್ನು ಮುಂದಕ್ಕೆ ಚಾಚಿ ನೋಡಬೇಕು. ಆಗ ಮುಂಗೈ ಬರಿದಾದರೆ ಅದು ಪ್ರಯೋಜನವಿಲ್ಲ. ಜಿಪ್ಪು ಲೋಹದ್ದಾಗಿರಲಿ, ಕೊರಳಿನವರೆಗೂ ಏರುವಂತಿರಲಿ. ಹಳೆಯ ಅಂಗಿಯಾದರೆ ಪೆಟ್ರೋಲು, ಎಣ್ಣೆಗಳ ಕಲೆಯಿದೆಯೇ, ಹರಿದ ಕಡೆ ನೈಲಾನ್ ದಾರದಿಂದ ಹೊಲಿದಿದ್ದಾರೆಯೇ ಎಂದು ನೋಡಬೇಕು. 'ವೈಮಾನಿಕರ ಅಂಗಿ' ಎಂಬ ಹೆಸರನ್ನು ನಂಬದೆ ನೂಲಿನ ಹೆಸರನ್ನು ಓದಬೇಕು. ಒಗೆದ ಮೇಲೆ ಗಂಜಿಯನ್ನೂ ಬಟ್ಟೆ ಮೆದುವಾಗಿಸುವ ದ್ರವವನ್ನೂ ಹಾಕಕೂಡದು. ಅವು ಬಟ್ಟೆಯ ಮೇಲೆ ಉಳಿದು ಬೆಂಕಿಗೆ ಆಹಾರವಾಗುತ್ತವೆ. ಕೊನೆಯದಾಗಿ, ಅಂಗಿಯಷ್ಟೇ ಮುಖ್ಯವಾದುದು ಕೈಚೀಲ. ಈಸ್ಟ್ ಗ್ರಿನ್‌ಸ್ಟೆಡ್ಡಿನ ಪ್ರತಿಮೆಯ ಬೆರಳುಗಳನ್ನು ನೋಡಿ ಬಂದವರಿಗೆ ಇದನ್ನು ಮತ್ತೆ ಹೇಳಬೇಕಾಗಿಲ್ಲ. ಅಂಗೈಗೆ ತೊಗಲು, ಮೇಲೆ ಅರಾಮಿಡ್ ಇರುವ ಕೈಚೀಲಗಳಿಗೆ ಮೂವತ್ತೈದು ಪೌಂಡು. ಎಲ್ಲವೂ ಸೇರಿ ನೂರನಲವತ್ತೈದು. ಮಿಕ್ಕ ಐದರಲ್ಲಿ ನಮ್ಮ ಮನೆಯವರು ಉಣ್ಣೆಯ ಉಂಡೆಗಳನ್ನು ಕೊಂಡು ಆ ರಾತ್ರಿಯೇ ಕಡ್ಡಿಗಳನ್ನು ಹಿಡಿದು ಕುಳಿತರು. ವಿಮಾನ ಬೇಡವೆಂದು ಅವರು ಮತ್ತೆ ಹೇಳಲಿಲ್ಲ.

ನಾವು ಹಿಂದಿರುಗುವ ಮುನ್ನ ಒಂದು ಬೆಳಗ್ಗೆ ಅವನು ಆ ಅಂಗಿಯನ್ನೂ ತಾಯಿ ಹೆಣೆದ ಸ್ವೆಟರನ್ನೂ ತೊಟ್ಟು ಹಾರಿದನು. ಹಿಂದಿನ ಗುಳಿಯಲ್ಲಿ ಅವನು, ಮುಂದಿನದರಲ್ಲಿ ಗುರುಗಳು. ಅರ್ಧ ಗಂಟೆ ನಾವಿಬ್ಬರೂ ಹುಲ್ಲಿನ ಮೇಲೆ ನಿಂತು ಆಕಾಶವನ್ನು ನೋಡಿದೆವು. ಇಳಿದು ಬಂದವನ ಮೂಗು ಕೆಂಪಾಗಿತ್ತು. ತಾಯಿ ಕೈಚೀಲವನ್ನು ತೆಗೆಸಿ ಬೆರಳುಗಳನ್ನು ಮುಟ್ಟಿ ನೋಡಿದರು. ಬೆಚ್ಚಗಿದ್ದುವು.

ವಾಚಕರಲ್ಲಿ ವಿಮಾನ ನಡೆಸುವವರು ವಿರಳ. ಒಲೆಯ ಮುಂದೆ ನಿಲ್ಲುವವರು ಎಲ್ಲ ಮನೆಗಳಲ್ಲಿಯೂ ಇದ್ದಾರೆ. ಅಡುಗೆಗೂ ದೀಪಾವಳಿಗೂ ಹತ್ತಿಯ ಬಟ್ಟೆ ಮೇಲೆಂದು ಹಿರಿಯರು ಹೇಳುವುದುಂಟು. ಹತ್ತಿಯೂ ಸುಡುವುದೇ, ಆದರೆ ಕರಗಿ ಅಂಟುವುದಿಲ್ಲ. ಸಂಶಯವಿದ್ದರೆ ಒಳಹೊಲಿಗೆಯ ಒಂದೆಳೆ ನೂಲನ್ನು ಕಿತ್ತು, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಕಾಗದದಂತೆ ಉರಿದು ಬೂದಿಯಾದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ. ಕರಗಿ ಮಣಿಯಂತೆ ಗಟ್ಟಿಯಾದರೆ ಅದನ್ನು ಒಲೆಯ ಬಳಿಗೆ ಒಯ್ಯಬೇಡಿ. ಒಂದು ಕಂಬಳಿಯನ್ನು ಅಡುಗೆಮನೆಯ ಬಾಗಿಲ ಬಳಿ ಮಡಿಸಿಡಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಮನೆಯಲ್ಲಿ ಬೆಳೆದವರ ಮಾತಿದು.

ಊರಿಗೆ ಬ೦ದಮೇಲೆ ಮೈಸೂರಿನಲ್ಲಿರುವ ಚಿಕ್ಕಮ್ಮನನ್ನು ನೋಡಹೋದೆವು. ಈಗ ಅವರಿಗೆ ಎಪ್ಪತ್ತು ದಾಟಿದೆ. ಈಸ್ಟ್ ಗ್ರಿನ್‌ಸ್ಟೆಡ್ಡಿನ ವಿಷಯವನ್ನೆಲ್ಲ ಹೇಳಿದೆವು. ಮೂಗು ಕಟ್ಟಿದ ವೈದ್ಯರ ಚಾತುರ್ಯವನ್ನು ಕೇಳಿ ಅವರು ಸುಮ್ಮನೆ ತಲೆಯಾಡಿಸಿದರು. ಕೊನೆಗೆ, "ಆ ಹುಡುಗರನ್ನು ಊರಿನವರು ಮನೆಗೆ ಊಟಕ್ಕೆ ಕರೆಯುತ್ತಿದ್ದರೇನೋ?" ಎಂದು ಕೇಳಿದರು. "ಕರೆಯುತ್ತಿದ್ದರು, ಚಿಕ್ಕಮ್ಮ" ಎಂದೆವು. "ಹಾಗಾದರೆ ಒಳ್ಳೆಯ ಊರು" ಎಂದರು.

ಒಳಗೆ ಹೋಗಿ ತಟ್ಟೆಯಲ್ಲಿ ಅನ್ನವನ್ನು ಕಲಸಿಕೊಂಡು ಬಂದರು. ನಾವು ಅರುವತ್ತು ವರ್ಷದವರು ಅವರ ಮುಂದೆ ಕುಳಿತು ಕೈಯೊಡ್ಡಿದೆವು.